ಯಾವ ಕ್ಯಾಮೆರಾ ಎಂದು ಕೇಳಿದವನಿಗೆ

ರಂಗನತಿಟ್ಟಿನಲ್ಲಿ ದೋಣಿಗಾಗಿ ಸಾಲು ನಿಂತಾಗ ನನ್ನ ಕುತ್ತಿಗೆಯ ಕ್ಯಾಮೆರಾಕ್ಕೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಬರುತ್ತವೆ. ಮೊದಲು ‘ಎಷ್ಟು ದೂರ ಕಾಣುತ್ತದೆ?’ ಆಮೇಲೆ ‘ಎಷ್ಟಾಯಿತು?’ ಕೊನೆಗೆ, ದನಿ ಸ್ವಲ್ಪ ತಗ್ಗಿಸಿ, ‘ಯಾವ ಪೇಪರಿನವರು?’ ನಾನು ಯಾವ ಪೇಪರಿನವನೂ ಅಲ್ಲ, ಮೈಸೂರಿನ ಬ್ಯಾಂಕೊಂದರ ಗುಮಾಸ್ತ, ಭಾನುವಾರ ಹಕ್ಕಿ ಹಿಂದೆ ಅಲೆಯುವವನು ಎಂದರೆ ಕೇಳಿದವರ ಮುಖದಲ್ಲಿ ಒಂದು ಸಣ್ಣ ನಿರಾಸೆ ಕಾಣುತ್ತದೆ. ಇಷ್ಟು ದೊಡ್ಡ ಯಂತ್ರಕ್ಕೆ ಇಷ್ಟೇ ಸಣ್ಣ ಕಾರಣವೇ ಎಂಬಂತೆ.

ಹೋದ ಫೆಬ್ರುವರಿಯ ಒಂದು ಬೆಳಿಗ್ಗೆ ನಾವು ಮೂವರಿದ್ದೆವು. ನಮ್ಮ ಗುಂಪಿನ ಹಿರಿಯರ ಹೆಗಲ ಮೇಲೆ 600 ಎಂಎಂ ಲೆನ್ಸ್ ಇತ್ತು (ಎಂಎಂ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ). ಬೆಲೆ ಹತ್ತು ಲಕ್ಷ ದಾಟಿದ್ದು, ತೂಕ ಮೂರು ಕೆಜಿ. ಅದನ್ನು ಅವರು ಹೆತ್ತ ಕೂಸಿನಂತೆ ಎತ್ತಿಕೊಳ್ಳುತ್ತಾರೆ, ಕೆಳಗಿಡುವಾಗ ಮೊದಲು ಟವೆಲ್ ಹಾಸುತ್ತಾರೆ. ಅಲ್ಲೇ ಪಾಲಹಳ್ಳಿ ಕಡೆಯವನಿರಬೇಕು, ಪಿಯುಸಿ ವಯಸ್ಸಿನ ಹುಡುಗನೊಬ್ಬ ಬಹಳ ಹೊತ್ತಿನಿಂದ ಆ ಲೆನ್ಸನ್ನೇ ನೋಡುತ್ತಿದ್ದ. ಕೈಯಲ್ಲಿ ಮೂಲೆ ಬಿರುಕು ಬಿಟ್ಟ ಮೊಬೈಲ್. ಧೈರ್ಯ ಮಾಡಿ ಹತ್ತಿರ ಬಂದು, ‘ಸರ್, ಇದು ಯಾವ ಕ್ಯಾಮೆರಾ? ಹಕ್ಕಿ ಫೋಟೊ ತೆಗೆಯಬೇಕಾದರೆ ಇದೇ ಬೇಕಾ?’ ಎಂದು ಕೇಳಿದ.

ಹಿರಿಯರು ಮುಗುಳ್ನಕ್ಕರು. ‘ಕ್ಯಾಮೆರಾದಲ್ಲಿ ಏನಿದೆಯಪ್ಪ? ಇರುವುದೆಲ್ಲ ಕಣ್ಣಿನಲ್ಲಿ’ ಎಂದರು.

ಹುಡುಗ ಲೆನ್ಸನ್ನೊಮ್ಮೆ ನೋಡಿದ, ಅವರ ಕನ್ನಡಕವನ್ನೊಮ್ಮೆ ನೋಡಿದ. ‘ಹೌದು ಸರ್’ ಎಂದು ಹೇಳಿ ಹಿಂದೆ ಸರಿದುಬಿಟ್ಟ.

ನಾನು ಸುಮ್ಮನಿದ್ದೆ. ಹಿರಿಯರೆಂಬ ಮರ್ಯಾದೆ ಒಂದು ಕಾರಣ. ಅದೇ ಮಾತನ್ನು ನಾನೂ ಎಷ್ಟೋ ಸಲ ಆಡಿದ್ದೇನೆ ಎಂಬುದು ಇನ್ನೊಂದು. ಆದರೆ ದೋಣಿ ಹೊರಟ ಮೇಲೆ ತಲೆಯೊಳಗೆ ಲೆಕ್ಕವೊಂದು ಕೊರೆಯತೊಡಗಿತು. ಬಿಸಿಲು ಇನ್ನೂ ನೀರಿಗೆ ಇಳಿದಿರಲಿಲ್ಲ. ಕಲ್ಲಿನ ಮೇಲಿಂದ ರೀವ ಹಕ್ಕಿಯೊಂದು ಹಾರಿ, ಗಾಳಿಯಲ್ಲಿ ಒಂದು ಕ್ಷಣ ತಡೆದು ನಿಂತು, ನೀರಿಗೆ ಬಿತ್ತು. ಹಿರಿಯರೂ ನಾನೂ ಒಟ್ಟಿಗೇ ಬಟನ್ ಒತ್ತಿದೆವು. ಅವರ ಲೆನ್ಸ್ ಎಫ್ 4ರವರೆಗೆ ಬಾಯಿ ತೆರೆಯುತ್ತದೆ (ಈ ಅಂಕಿ ಕಡಿಮೆಯಾದಷ್ಟೂ ಬಾಯಿ ದೊಡ್ಡದು). ನನ್ನದು 150-600 ಜೂಮ್, ಉದ್ದಕ್ಕೆ ಚಾಚಿದಾಗ ಎಫ್ 6.3ಕ್ಕೇ ನಿಂತುಬಿಡುತ್ತದೆ. ಇವೆರಡರ ನಡುವೆ ಒಳಬರುವ ಬೆಳಕಿನ ವ್ಯತ್ಯಾಸ ಸುಮಾರು ಎರಡೂವರೆ ಪಟ್ಟು. ಐಎಸ್‌ಒ ಎಂಬ ಬೆಳಕಿನ ಸೂಕ್ಷ್ಮತೆಯ ಅಳತೆ ಒಂದೇ ಇಟ್ಟುಕೊಂಡರೆ, ಅವರಿಗೆ 1/2000 ಸೆಕೆಂಡ್ ದಕ್ಕುವ ಬೆಳಕಿನಲ್ಲಿ ನನಗೆ 1/800. ಅವರ ಚಿತ್ರದಲ್ಲಿ ರೆಕ್ಕೆಯ ತುದಿಯಿಂದ ಸಿಡಿದ ಹನಿಗಳನ್ನು ಎಣಿಸಬಹುದಿತ್ತು. ನನ್ನದರಲ್ಲಿ ರೆಕ್ಕೆ ಇರಬೇಕಾದ ಕಡೆ ಬಿಳಿಯ ಹೊಗೆ. ಕಣ್ಣು ಇಬ್ಬರಿಗೂ ಎರಡೆರಡೇ ಇದ್ದವು, ನನ್ನವು ಹದಿನೈದು ವರ್ಷ ಎಳೆಯವು ಬೇರೆ.

ಹುಡುಗನ ಪ್ರಶ್ನೆಗೆ ಉತ್ತರ ಆ ಹನಿಗಳಲ್ಲಿತ್ತು. ಅದನ್ನು ಅವನಿಗೆ ಯಾರೂ ಹೇಳಲಿಲ್ಲ.

ಫೋಟೊಗ್ರಾಫರುಗಳಿಗೆ ಈ ಪ್ರಶ್ನೆ ಕೇಳಿದರೆ ಏಕೆ ಮುಳ್ಳು ಚುಚ್ಚಿದಂತಾಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ನಾಲ್ಕು ಗಂಟೆಗೆ ಎದ್ದು, ಸೊಳ್ಳೆ ಕಚ್ಚಿಸಿಕೊಂಡು, ನೂರು ಸಲ ಬರಿಗೈಯಲ್ಲಿ ವಾಪಸಾಗಿ, ಕೊನೆಗೆ ಒಂದು ಚಿತ್ರ ಸಿಕ್ಕಾಗ ‘ಅಬ್ಬಾ, ನಿಮ್ಮ ಕ್ಯಾಮೆರಾ ಎಷ್ಟು ಚೆನ್ನಾಗಿದೆ!’ ಎಂದರೆ ಯಾರಿಗಾದರೂ ಉರಿಯುತ್ತದೆ. ಆಗ ನಮ್ಮವರು ಬತ್ತಳಿಕೆಯಿಂದ ತೆಗೆಯುವ ಬಾಣ ಒಂದೇ: ‘ಸಾರು ಚೆನ್ನಾಗಿದ್ದರೆ ಪಾತ್ರೆ ಯಾವುದು ಎಂದು ಕೇಳುತ್ತೀರಾ?’ ಇದನ್ನು ನಾನು ಕನಿಷ್ಠ ಐವತ್ತು ಬಾಯಲ್ಲಿ ಕೇಳಿದ್ದೇನೆ. ಪ್ರತಿಯೊಬ್ಬರೂ ಅದು ಆಗಷ್ಟೇ ತಮಗೆ ಹೊಳೆದದ್ದು ಎಂಬಂತೆ ಹೇಳುತ್ತಾರೆ.

ಇವರು ಸಾಗರದ ನಮ್ಮ ಮನೆಯ ಅಡುಗೆಮನೆಗೆ ಬಂದಿದ್ದರೆ ಈ ಮಾತು ಆಡುತ್ತಿರಲಿಲ್ಲ. ನಮ್ಮ ಅಜ್ಜಿಯ ಸಾರು ಊಟ ಮಾಡಿದವರು ಕೇಳುತ್ತಿದ್ದ ಮೊದಲ ಪ್ರಶ್ನೆಯೇ ಪಾತ್ರೆಯದು, ಅಜ್ಜಿ ಕೊಡುತ್ತಿದ್ದ ಮೊದಲ ಉತ್ತರವೂ ಪಾತ್ರೆಯದೇ. ‘ಇದು ಬಳಪದ ಕಲ್ಲಿನ ಮರಿಗೆಯಲ್ಲಿ ಮಾಡಿದ್ದು. ಒಲೆಯಿಂದ ಇಳಿಸಿದ ಮೇಲೂ ಕುದಿಯುತ್ತಲೇ ಇರುತ್ತದೆ, ನೋಡು’ ಎಂದು ಸೆರಗಿನಲ್ಲಿ ಹಿಡಿದು ತೋರಿಸುತ್ತಿದ್ದಳು. ಹೊಸ ಮರಿಗೆಯನ್ನು ಹೇಗೆ ಪಳಗಿಸಬೇಕು, ಬಿಸಿಯಾಗಿರುವಾಗ ತಣ್ಣೀರು ತಾಗಿದರೆ ಹೇಗೆ ಸೀಳುತ್ತದೆ, ಒಬ್ಬಳು ಸೊಸೆ ಹೇಗೆ ಒಡೆದಳು, ಎಲ್ಲ ಬರುತ್ತಿತ್ತು. ಕೈಗುಣ ತನ್ನದೆಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಹಾಗಾಗಿ ಮರಿಗೆಯನ್ನು ಹೊಗಳಿದರೆ ಅವಳ ಗಂಟೇನೂ ಹೋಗುತ್ತಿರಲಿಲ್ಲ.

ಅದೇ ಊರಿನಲ್ಲಿ ನಮ್ಮ ಚಿಕ್ಕಪ್ಪನದು ಒಂದು ಸಣ್ಣ ಸ್ಟುಡಿಯೋ ಇತ್ತು. ಗೋಡೆಯ ಮೇಲೆ ಬಣ್ಣ ಬಳಿದ ತಾಜಮಹಲ್, ಮುಂದೆ ಒಂದು ಬೆಂಚು, ಎರಡು ಫ್ಲಡ್ ಲೈಟು, ಒಳಗೆ ಹೈಪೋ ರಾಸಾಯನಿಕದ ವಾಸನೆಯ ಡಾರ್ಕ್‌ರೂಮು. ಶಾಲೆಯ ರಜೆಯಲ್ಲಿ ನನ್ನ ಕೆಲಸ ಪ್ರಿಂಟುಗಳನ್ನು ತೊಳೆದು ಒಣಹಾಕುವುದು. ಅವನ ಕ್ಯಾಮೆರಾ ಎರಡು ಕಣ್ಣಿನ ಯಾಷಿಕಾ ಮ್ಯಾಟ್. ಒಂದು ರೋಲಿಗೆ ಹನ್ನೆರಡೇ ಚಿತ್ರ. ಹೊಟ್ಟೆಯ ಮಟ್ಟಕ್ಕೆ ಹಿಡಿದು, ಮೇಲಿಂದ ತಲೆ ತಗ್ಗಿಸಿ ನೋಡಬೇಕು. ಗಾಜಿನಲ್ಲಿ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕಾಣುತ್ತದೆ. ಹಳ್ಳಿಯಿಂದ ಬಂದ ಅಜ್ಜಂದಿರು ಇವನು ತಮಗೆ ನಮಸ್ಕಾರ ಮಾಡುತ್ತಿದ್ದಾನೆಂದು ತಿಳಿದು ತಾವೂ ತಲೆಬಾಗಿದ್ದುಂಟು.

ಅಲ್ಲಿಗೆ ಬಂದವರಲ್ಲಿ ಒಬ್ಬರಾದರೂ ಯಾವ ಕ್ಯಾಮೆರಾ ಎಂದು ಕೇಳಿದ್ದು ನನಗೆ ನೆನಪಿಲ್ಲ. ಕೇಳುತ್ತಿದ್ದದ್ದು, ಯಾವತ್ತು ಸಿಗುತ್ತದೆ, ಕಾರ್ಡ್ ಸೈಜಿಗೆ ಎಷ್ಟು, ಟಚಿಂಗ್ ಮಾಡುತ್ತೀರಾ. ಟಚಿಂಗ್ ಎಂದರೆ ನೆಗೆಟಿವ್ ಮೇಲೆ ಚೂಪು ಪೆನ್ಸಿಲಿನಿಂದ ತಿದ್ದಿ ಸಿಡುಬಿನ ಕಲೆಯನ್ನೋ ಕಣ್ಣ ಕೆಳಗಿನ ಕಪ್ಪನ್ನೋ ಮರೆಸುವುದು. ಕ್ಯಾಮೆರಾ ಆಗ ದರ್ಜಿಯ ಹೊಲಿಗೆ ಯಂತ್ರದಂತೆ, ಅಂಗಡಿಯವನ ಸ್ವಂತ ವಿಷಯ. ಗಿರಾಕಿಗೂ ಅದು ಬೇಕೆಂಬ ಆಸೆ ಹುಟ್ಟಿರಲಿಲ್ಲ. ಇವತ್ತು ಕೇಳುವವನಿಗೆ ಆಸೆ ಇದೆ, ಎಷ್ಟು ಸಾಲ ಮಾಡಬೇಕು ಎಂಬ ಲೆಕ್ಕವೂ ಇದೆ. ನಾವು ಕಲೆಗೆ ಅವಮಾನವಾಯಿತು ಎಂದುಕೊಳ್ಳುವ ಆ ಪ್ರಶ್ನೆಯಲ್ಲಿ ನನಗೆ ಕಾಣುವುದು ಮುಖ್ಯವಾಗಿ ಇದು: ನಾನೂ ಒಳಗೆ ಬರಬಹುದೇ, ಬಾಗಿಲಿಗೆ ಎಷ್ಟು ಶುಲ್ಕ?

ಮದುವೆ ಫೋಟೊದವರು ಈ ವಿಷಯದಲ್ಲಿ ನಮಗಿಂತ ಪ್ರಾಮಾಣಿಕರು. ಹುಡುಗಿಯ ತಂದೆ ಕೇಳಿದರೆ ‘ಎರಡು ಫುಲ್ ಫ್ರೇಮ್ ಕ್ಯಾಮೆರಾ, ಒಂದು ಡ್ರೋನ್, ಡ್ರೋನ್ ಬಾಡಿಗೆಯದು, ಅದಕ್ಕೆ ಬೇರೆ’ ಎಂದು ಬಾಯಿಪಾಠ ಒಪ್ಪಿಸುತ್ತಾರೆ. ಅಲ್ಲಿ ‘ಕಣ್ಣು ಮುಖ್ಯ’ ಎಂದರೆ ಮುಂಗಡ ಬರುವುದಿಲ್ಲ.

ನಮ್ಮ ಚಿಕ್ಕಪ್ಪನ ಮಗಳು ಈಗ ಅದೇ ಕೆಲಸದಲ್ಲಿದ್ದಾಳೆ. ಅವಳಿಗೆ ಬರುವ ಪ್ರಶ್ನೆಯ ರುಚಿಯೇ ಬೇರೆ. ‘ಕ್ಯಾಮೆರಾ ಯಜಮಾನರದ್ದಾ ಅಮ್ಮ?’ ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೊಮಾಯ್ ವ್ಯಾರಾವಾಲಾ ಅವರ ಆರಂಭದ ಚಿತ್ರಗಳು ಗಂಡ ಮಾಣೆಕ್‌ಷಾ ಅವರ ಹೆಸರಿನಲ್ಲಿ ಅಚ್ಚಾಗುತ್ತಿದ್ದವು ಎಂದು ಅವಳಿಗೆ ಹೇಳಿದೆ. ಸ್ಪೀಡ್ ಗ್ರಾಫಿಕ್‌ನಂಥ ಭಾರದ ಕ್ಯಾಮೆರಾ ಹೊತ್ತು, ಸೀರೆಯುಟ್ಟು ದೆಹಲಿಯಲ್ಲೆಲ್ಲ ಓಡಾಡಿದ ಆ ತಾಯಿಯ ಕಾಲ ಮುಗಿದಿಲ್ಲ ಎಂದು ನಕ್ಕಳು. ಈಗ ಅವಳು ಕೊಡುವ ಉತ್ತರ, ‘ಕ್ಯಾಮೆರಾ ನನ್ನದು, ಕಂತು ಯಜಮಾನರದ್ದು.’

ಯಂತ್ರದ ಮಾತನ್ನು ಮುಚ್ಚಿಡದ ದೊಡ್ಡವರೂ ಇದ್ದರು. ಅಮೆರಿಕದ ಫೋಟೊಗ್ರಾಫರ್ ಆನ್ಸೆಲ್ ಆಡಮ್ಸ್ ನ್ಯೂ ಮೆಕ್ಸಿಕೊದ ಹರ್ನಾಂಡೆಜ್ ಎಂಬ ಹಳ್ಳಿಯಲ್ಲಿ ತೆಗೆದ ಚಂದ್ರೋದಯದ ಚಿತ್ರವನ್ನೇ ನೋಡಿ. ಸಂಜೆ ದಾರಿಯಲ್ಲಿ ಹೋಗುತ್ತಿದ್ದಾಗ ಸ್ಮಶಾನದ ಶಿಲುಬೆಗಳ ಮೇಲೆ ಇಳಿಬಿಸಿಲು, ಹಿಂದೆ ಮೂಡಿದ ಚಂದ್ರ. ಕಾರು ನಿಲ್ಲಿಸಿ 8 x 10 ಇಂಚಿನ ಫಿಲ್ಮ್ ಹಿಡಿಯುವ ಕ್ಯಾಮೆರಾ ಹೂಡಿದರೆ ಬೆಳಕು ಅಳೆಯುವ ಮೀಟರೇ ಸಿಗುತ್ತಿಲ್ಲ. ಚಂದ್ರನ ಹೊಳಪು ಚದರಡಿಗೆ 250 ಕ್ಯಾಂಡಲ್ ಎಂಬುದು ನೆನಪಿಗೆ ಬಂತು. ಅದರ ಮೇಲೆ ಲೆಕ್ಕ ಕಟ್ಟಿ ಎಫ್ 32, ಒಂದು ಸೆಕೆಂಡ್ ಕೊಟ್ಟರು. ಎರಡನೆಯದಕ್ಕೆ ಸಿದ್ಧವಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಗಿತ್ತು. ಇಷ್ಟನ್ನೂ ಅವರು ಕೇಳಿದವರಿಗೆ, ಕೇಳದವರಿಗೆ ಬಿಡಿಸಿ ಹೇಳಿದ್ದಾರೆ, ಫಿಲ್ಟರ್ ಯಾವುದೆಂಬುದನ್ನೂ ಬಿಡದೆ. ತಮಾಷೆಯೆಂದರೆ ಅದು ಯಾವ ವರ್ಷ ಎಂಬುದೇ ಅವರಿಗೆ ನೆನಪಿರಲಿಲ್ಲ. ಒಂದು ಕಡೆ 1940 ಎಂದರು, ಇನ್ನೊಂದು ಕಡೆ 1944. ಕೊನೆಗೆ ಖಗೋಳದ ಲೆಕ್ಕ ಬಲ್ಲವರು ಚಂದ್ರನ ಸ್ಥಾನ ಹಿಡಿದು 1941ರ ನವೆಂಬರ್ 1 ಎಂದು ಗೊತ್ತುಮಾಡಬೇಕಾಯಿತು. ಮಗನ ಹುಟ್ಟಿದ ದಿನ ಮರೆತು ಹೆರಿಗೆ ಆಸ್ಪತ್ರೆಯ ಬಿಲ್ಲಿನ ಮೊತ್ತ ನೆನಪಿಟ್ಟುಕೊಂಡ ನಮ್ಮ ಮಾವನೊಬ್ಬರ ನೆನಪಾಗುತ್ತದೆ.

ಇನ್ನೊಂದು ಚಿತ್ರದ ಯಂತ್ರದ ವಿವರ ಹೇಳುವಾಗ ಮಾತ್ರ ನನಗೆ ನಗು ಬರುವುದಿಲ್ಲ. 1984ರಲ್ಲಿ ಸ್ಟೀವ್ ಮೆಕ್‌ಕರಿ ಪಾಕಿಸ್ತಾನದ ನಿರಾಶ್ರಿತರ ಶಿಬಿರದಲ್ಲಿ ತೆಗೆದ ಹಸಿರುಗಣ್ಣಿನ ಅಫ್ಘನ್ ಹುಡುಗಿ. ಮರುವರ್ಷ ನ್ಯಾಷನಲ್ ಜಿಯಾಗ್ರಫಿಕ್ ಮುಖಪುಟದಲ್ಲಿ ಬಂತು. ನಿಕಾನ್ ಎಫ್‌ಎಂ2, 105 ಎಂಎಂ ಲೆನ್ಸ್, ಕೊಡಾಕ್ರೋಮ್ 64 ಫಿಲ್ಮ್. ಇದು ನಮ್ಮ ಪೀಳಿಗೆಯ ಹವ್ಯಾಸಿಗಳಿಗೆ ಸಹಸ್ರನಾಮದಂತೆ ಬಾಯಿಗೆ ಬರುತ್ತಿತ್ತು. ಆ 105 ಎಂಎಂ ಲೆನ್ಸಿಗಾಗಿ ನಾನೂ ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳನ್ನು ಅಲೆದಿದ್ದೇನೆ. ಆದರೆ ಹುಡುಗಿಯ ಹೆಸರು? ಶರ್ಬತ್ ಗುಲಾ. ಅವಳನ್ನು ಹುಡುಕಿ ಹೆಸರು ತಿಳಿದದ್ದು 2002ರಲ್ಲಿ. ಲೆನ್ಸಿನ ಹೆಸರು ಬಾಯಿಪಾಠ ಮಾಡುತ್ತಿದ್ದ ಕಾಲದಲ್ಲಿ ಅವಳ ಹೆಸರು ಗೊತ್ತಿಲ್ಲವಲ್ಲ ಎಂದು ಒಂದು ದಿನವೂ ನನಗೆ ಅನ್ನಿಸಿರಲಿಲ್ಲ. ಕೇಳುವವರ ತಪ್ಪೂ ಇದೆ ಎನ್ನುವವರು ಇದನ್ನು ಹಿಡಿದುಕೊಳ್ಳಬಹುದು, ನಾನು ಒಪ್ಪಿಕೊಳ್ಳುತ್ತೇನೆ.

ಕೆಲವೊಮ್ಮೆ ಈ ಪ್ರಶ್ನೆಯೇ ಸಾಕ್ಷಿ ಹೇಳಲು ಕಟಕಟೆ ಹತ್ತುತ್ತದೆ. 1972ರ ಜೂನ್ 8ರಂದು ವಿಯೆಟ್ನಾಮಿನ ರಸ್ತೆಯಲ್ಲಿ, ನೇಪಾಮ್ ಬೆಂಕಿಯಲ್ಲಿ ಬೆಂದು ಬತ್ತಲೆ ಓಡಿಬರುವ ಬಾಲಕಿಯ ಚಿತ್ರ ತೆಗೆದವರು ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ನಿಕ್ ಉಟ್ ಎಂದು ಅರ್ಧ ಶತಮಾನ ಎಲ್ಲರೂ ನಂಬಿದ್ದರು. ತೆಗೆದದ್ದು ಅವರಲ್ಲ, ಬಿಡಿ ಚಿತ್ರಗಳನ್ನು ಮಾರುತ್ತಿದ್ದ ಸ್ಥಳೀಯ ಫೋಟೊಗ್ರಾಫರ್ ಒಬ್ಬರು ಎಂಬ ವಾದ 2025ರಲ್ಲಿ ಎದ್ದಿತು. ಉಟ್ ಅದನ್ನು ಇಲ್ಲವೆನ್ನುತ್ತಾರೆ. ತನಿಖೆಗೆ ಇಳಿದ ಅಸೋಸಿಯೇಟೆಡ್ ಪ್ರೆಸ್ ನೆಗೆಟಿವಿನ ಅಂಚುಗಳನ್ನು ಪರೀಕ್ಷಿಸಿ, ಅದು ಪೆಂಟಾಕ್ಸ್ ಕ್ಯಾಮೆರಾದ್ದಾಗಿರುವ ಸಾಧ್ಯತೆಯೇ ಹೆಚ್ಚು ಎಂದಿತು. ಉಟ್ ಹಿಂದೆ ಹೇಳಿಕೊಂಡು ಬಂದದ್ದು ತಮ್ಮ ಬಳಿ ಇದ್ದವು ಲೈಕಾ ಮತ್ತು ನಿಕಾನ್ ಎಂದು. ಸಂಸ್ಥೆ ಅವರ ಹೆಸರನ್ನು ತೆಗೆಯಲಿಲ್ಲ, ತೆಗೆಯುವಷ್ಟು ಪುರಾವೆ ಇಲ್ಲವೆಂದಿತು. ಪತ್ರಿಕಾ ಚಿತ್ರಗಳಿಗೆ ಪ್ರಶಸ್ತಿ ಕೊಡುವ ವರ್ಲ್ಡ್ ಪ್ರೆಸ್ ಫೋಟೊ ಮಾತ್ರ ಹೆಸರನ್ನು ಅಮಾನತ್ತಿನಲ್ಲಿಟ್ಟಿತು. ‘ಯಾವ ಕ್ಯಾಮೆರಾ ಎಂಬುದು ಮುಖ್ಯವಲ್ಲ’ ಎಂದು ಅಲ್ಲಿ ಯಾರೂ ಹೇಳಿದಂತಿಲ್ಲ.

ಕ್ಯಾಮೆರಾದ ಹೆಸರನ್ನಾದರೂ ಹೇಗೋ ಹೇಳಿಬಿಡುತ್ತೇವೆ. ನಮ್ಮ ಹಕ್ಕಿಯವರು ನಿಜವಾಗಿ ನುಂಗಿಕೊಳ್ಳುವುದು ಬೇರೆಯದನ್ನು. ದಾಂಡೇಲಿ ಕಡೆ ಗಣೇಶಗುಡಿಯ ಓಲ್ಡ್ ಮ್ಯಾಗಜಿನ್ ಹೌಸಿನಲ್ಲಿ ಹಕ್ಕಿಗಳಿಗೆಂದು ಸ್ನಾನದ ನೀರು ಇಟ್ಟಿರುತ್ತಾರೆ. ಮರೆಯ ಹಿಂದೆ ಕುರ್ಚಿ ಹಾಕಿಕೊಂಡು ಕುಳಿತರೆ ಪಿಕಳಾರ, ರಾಜಹಕ್ಕಿಗಳು ಮಾರು ದೂರಕ್ಕೆ ತಾವಾಗಿ ಬರುತ್ತವೆ. ಸೊಗಸಾದ ಜಾಗ, ನಾನು ಮೂರು ಸಲ ಹೋಗಿದ್ದೇನೆ, ಮತ್ತೂ ಹೋಗುತ್ತೇನೆ. ಆದರೆ ಅಲ್ಲಿ ತೆಗೆದ ಚಿತ್ರವನ್ನು ಊರಿಗೆ ತಂದು ‘ಪಶ್ಚಿಮ ಘಟ್ಟದ ದಟ್ಟ ಕಾಡಿನಲ್ಲಿ ತಾಸುಗಟ್ಟಲೆ ತಪಸ್ಸು’ ಎಂದು ಬರೆಯುವಾಗ ನೀರಿನ ಬೋಗುಣಿಯನ್ನೂ ಕೈಯಲ್ಲಿದ್ದ ಚಹಾ ಲೋಟವನ್ನೂ ಚಿತ್ರದ ಚೌಕಟ್ಟಿನಿಂದ ಹೊರಗಿಡುತ್ತೇವೆ. ರಂಗನತಿಟ್ಟಿನಲ್ಲೂ ಅಷ್ಟೇ. ಯಾವ ಬಂಡೆಯ ಮೇಲೆ ಮೊಸಳೆ ಎಷ್ಟು ಹೊತ್ತಿಗೆ ಮೈ ಕಾಯಿಸುತ್ತದೆ, ಬೆಳಕು ಬೆನ್ನಿಗೆ ಬರಬೇಕಾದರೆ ಯಾವ ಮಗ್ಗುಲಿನಿಂದ ಹೋಗಬೇಕು ಎಂಬುದು ನಮಗಿಂತ ದೋಣಿ ಹುಟ್ಟು ಹಾಕುವವನಿಗೆ ಗೊತ್ತು. ಎಷ್ಟೋ ಸಲ ಅವನೇ ‘ಈಗ ಎದ್ದೇಳುತ್ತದೆ, ರೆಡಿ ಇರಿ ಸರ್’ ಎನ್ನುತ್ತಾನೆ. ಕೊಕ್ಕರೆ ಏಳುತ್ತದೆ, ನಾವು ಒತ್ತುತ್ತೇವೆ. ಚಿತ್ರದ ಕೆಳಗೆ ಲೆನ್ಸ್, ಷಟರ್, ಐಎಸ್‌ಒ ಎಲ್ಲ ಬರೆದ ನಾನು ಅವನ ಹೆಸರನ್ನು ಬರೆದದ್ದು ಹದಿನಾಲ್ಕು ವರ್ಷದಲ್ಲಿ ಒಂದೇ ಸಲ. ಅದನ್ನೂ ಅವನೇ ಕೇಳಿಕೊಂಡದ್ದಕ್ಕೆ.

ನನ್ನದೇ ಒಂದು ಪಾಪವನ್ನೂ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಕಚೇರಿಯ ಸಹೋದ್ಯೋಗಿಯೊಬ್ಬರು, ಮಗಳಿಗೆ ಹಕ್ಕಿ ಫೋಟೊ ಹುಚ್ಚು ಹಿಡಿದಿದೆ, ಯಾವುದು ಕೊಡಿಸಲಿ ಎಂದು ಕೇಳಿದ್ದರು. ಆಗಷ್ಟೇ ನನ್ನ ಚಿತ್ರವೊಂದಕ್ಕೆ ಸಣ್ಣ ಬಹುಮಾನ ಬಂದು ನಾನು ನೆಲದಿಂದ ಎರಡು ಇಂಚು ಮೇಲಿದ್ದೆ. ‘ಯಾವುದಾದರೂ ಸರಿ, ಮೊದಲು ನೋಡುವುದನ್ನು ಕಲಿಯಲಿ’ ಎಂದೆ. ಅವರು ನನ್ನ ಮಾತನ್ನು ಗೌರವದಿಂದ ಹಾಗೆಯೇ ನಂಬಿ, ಅಂಗಡಿಯವನು ತೋರಿಸಿದ್ದನ್ನು ತಂದರು. ಒಳ್ಳೆಯ ಕ್ಯಾಮೆರಾವೇ. ಜೊತೆಗೆ ಬಂದದ್ದು 18-55 ಲೆನ್ಸ್. ಹತ್ತು ಮೀಟರ್ ದೂರದ ಮಿಂಚುಳ್ಳಿ ಅದರಲ್ಲಿ ಅಕ್ಕಿಕಾಳಿನಷ್ಟು. ಆ ಹುಡುಗಿ ಒಂದು ಬೇಸಿಗೆ ಕಷ್ಟಪಟ್ಟಳು, ತನಗೇ ನೋಡಲು ಬರುವುದಿಲ್ಲ ಎಂದುಕೊಂಡಳು, ಬಿಟ್ಟಳು. ಕ್ಯಾಮೆರಾ ಅವರ ಬೀರುವಿನಲ್ಲಿದೆ. ‘250 ಎಂಎಂಗೆ ಕಡಿಮೆ ಬೇಡ’ ಎಂಬ ಒಂದು ವಾಕ್ಯ ನನ್ನ ಬಾಯಿಂದ ಅವತ್ತು ಬರಲಿಲ್ಲ. ಅವರು ಈಗಲೂ ನನ್ನನ್ನು ಕಂಡರೆ ಮೊದಲಿನಂತೆಯೇ ಮಾತನಾಡಿಸುತ್ತಾರೆ. ಅದು ಇನ್ನೂ ಕಷ್ಟ.

ಹಾಗಾಗಿ ಆ ದಿನ ದೋಣಿ ಇಳಿದ ಮೇಲೆ ಹುಡುಗನನ್ನು ಹುಡುಕಿದೆ. ಗೇಟಿನ ಹೊರಗೆ ಎಳನೀರು ಗಾಡಿಯ ಪಕ್ಕದಲ್ಲಿದ್ದ. ನನ್ನ ಜೂಮನ್ನು ಅವನ ಕೈಗೆ ಕೊಟ್ಟು, ಬೆಲೆ ಹೇಳಿದೆ: ಹಳೆಯದು, 62 ಸಾವಿರ, ಅರ್ಧ ಬೋನಸ್ಸು, ಅರ್ಧ ಹೆಂಡತಿಯ ಚೀಟಿ ದುಡ್ಡು. ಮುಂಜಾನೆ ಮಬ್ಬಿನಲ್ಲಿ ಇದರ ಕೈಲಾಗುವುದಿಲ್ಲ, ಎಂಟು ಗಂಟೆಯ ಮೇಲೆ ಪರವಾಗಿಲ್ಲ. ಇದಕ್ಕೆ ಮುಂಚೆ ಮೂರು ವರ್ಷ 55-250ರಲ್ಲಿ ತೆಗೆದೆ. ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವ ಕಾಲದಲ್ಲಿ ದಡದ ಮರಗಳಿಗೆ ಅಷ್ಟು ಸಾಕು, ಹಕ್ಕಿ ದೊಡ್ಡದು, ಓಡಿಹೋಗುವುದಿಲ್ಲ. ಈ ಹಿರಿಯರ ಲೆನ್ಸಿನ ಬೆಲೆಯನ್ನೂ ಹೇಳಿದೆ. ಅವನು ಕಣ್ಣರಳಿಸಿ, ‘ನಮ್ಮ ಅಪ್ಪನ ಟ್ರ್ಯಾಕ್ಟರಿಗಿಂತ ಜಾಸ್ತಿ’ ಎಂದ. ಆಮೇಲೆ ನಿರಾಳವಾದವನಂತೆ ನಕ್ಕ. ತನ್ನ ಮೊಬೈಲಿನಲ್ಲಿ ತೆಗೆದ ಕೊಕ್ಕರೆಯ ಚಿತ್ರವನ್ನು ಆಗ ತೋರಿಸಿದ. ಹಕ್ಕಿ ಚುಕ್ಕಿಯಷ್ಟಿತ್ತು, ಆದರೆ ಅದರ ನೆರಳು ನೀರಿನಲ್ಲಿ ಬಿದ್ದ ಜಾಗವನ್ನು ಅವನು ನೋಡಿಕೊಂಡಿದ್ದ.

ಇದನ್ನು ಬರೆಯಲು ಕುಳಿತಾಗ ಒಂದು ವಿಷಯ ಹೊಳೆಯಿತು. ಮರಿಗೆಯ ಮುಂದೆ ಕುಳಿತ ಅಜ್ಜಿಯ ಚಿತ್ರವೊಂದು ನಮ್ಮ ಮನೆಯ ಗೋಡೆಯ ಮೇಲಿದೆ. ಅದನ್ನು ಯಾವುದರಲ್ಲಿ ತೆಗೆದೆ ಎಂದು ಚಿಕ್ಕಪ್ಪನನ್ನು ನಾನು ಯಾವತ್ತೂ ಕೇಳಿರಲಿಲ್ಲ. ಹೋದ ತಿಂಗಳು ಸಾಗರಕ್ಕೆ ಹೋದಾಗ ಕೇಳಿದೆ. ಅವನಿಗೆ ಈಗ ಎಪ್ಪತ್ತೆಂಟು.

‘ಯಾಷಿಕಾದಲ್ಲೇ. 1981ರಲ್ಲಿ ಶಿವಮೊಗ್ಗದ ಒಬ್ಬರಿಂದ ತಂದದ್ದು, ಮೂರು ಸಾವಿರದ ಇನ್ನೂರು. ಅಡಿಕೆ ಮಂಡಿಯಲ್ಲಿ ಮುಂಗಡ ಎತ್ತಿದ್ದೆ, ನಿಮ್ಮಪ್ಪನಿಗೆ ಹೇಳಿರಲಿಲ್ಲ. ಅವತ್ತು ಕರೆಂಟ್ ಇರಲಿಲ್ಲ, 1/30ರಲ್ಲಿ ಉಸಿರು ಬಿಗಿಹಿಡಿದು ತೆಗೆದೆ. ರೋಲಿನ ಹನ್ನೆರಡನೆಯದು ಅದು’ ಎಂದ. ಎದ್ದು ಒಳಗೆ ಹೋಗಿ ಅಡುಗೆಮನೆಯಿಂದ ಒಂದು ಹಳೆಯ ತಗಡಿನ ಡಬ್ಬಿ ತಂದ. ಮುಚ್ಚಳ ತೆಗೆದು ಅಕ್ಕಿಯೊಳಗೆ ಕೈ ಹಾಕಿ, ಬಟ್ಟೆ ಸುತ್ತಿದ ಕ್ಯಾಮೆರಾವನ್ನು ಎಳೆದು ನನ್ನ ಕೈಗಿಟ್ಟ.

‘ಒಂದು ಸೆಕೆಂಡಿನದು ಅಂಟಿಕೊಳ್ಳುತ್ತದೆ, ಉಳಿದವು ಸರಿ ಇವೆ. ಕೆಳಗಿನ ಲೆನ್ಸಿನ ಮೂಲೆಗೆ ಬೂಷ್ಟು ಹಿಡಿದಿದೆ, ಫೋಟೊದಲ್ಲಿ ಕಾಣುವುದಿಲ್ಲ. ಮಳೆಗಾಲದಲ್ಲಿ ಅಕ್ಕಿಯಲ್ಲಿಡು.’

ಮೈಸೂರಿನಲ್ಲಿ ಅಷ್ಟು ಶೀತವಿಲ್ಲ. ಆದರೂ ಇಟ್ಟಿದ್ದೇನೆ. ಅನ್ನಕ್ಕೆ ಅಳೆಯಲು ಹೋದಾಗಲೆಲ್ಲ ಪಾವು ಯಾಷಿಕಾಕ್ಕೆ ಬಡಿಯುತ್ತದೆ ಎಂದು ಮನೆಯಲ್ಲಿ ದಿನಕ್ಕೊಂದು ದೂರು.